ಕಿತ್ತಿಕೊ, ಹಚ್ಚಿಕೊ: ಕಾಗದದ ಕಾಡಿನ ವ್ಯಾಕರಣ

ಒಂದು ಟನ್ ಬಿದಿರಿಗೆ ಒಂದೂವರೆ ರೂಪಾಯಿ. 1950ರ ದಶಕದ ಕೊನೆಯಲ್ಲಿ ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಶುರುವಾದಾಗ ಉತ್ತರ ಕನ್ನಡದ ಕಾಡಿನ ಬಿದಿರನ್ನು ಸರ್ಕಾರ ಆ ಕಾರ್ಖಾನೆಗೆ ಕೊಡಲು ಒಪ್ಪಿದ ದರ ಇದು. ಬುಟ್ಟಿ, ಮೊರ, ತಟ್ಟಿ ಹೆಣೆದು ಬದುಕುವ ಮೇದಾರರು ಪೇಟೆಯಲ್ಲಿ ಅದೇ ಬಿದಿರನ್ನು ಕೊಳ್ಳಲು ಹೋದರೆ ಟನ್ನಿಗೆ ಸಾವಿರ ರೂಪಾಯಿಗೂ ಹೆಚ್ಚು ಬೀಳುತ್ತಿತ್ತು. ಪರಿಸರದ ಬಗ್ಗೆ ಬರೆಯುವವರು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಅನ್ಯಾಯವನ್ನು ತೋರಿಸುತ್ತಾರೆ. ಅದು ಸರಿಯೇ. ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ಇದರ ಜೊತೆಗೆ ಇನ್ನೊಂದು ಪ್ರಶ್ನೆ ಏಳುತ್ತದೆ. ಹೀಗೆ ಅರೆಯಲ್ಪಟ್ಟ ಬಿದಿರು ಏನಾಯಿತು? ಕಾಗದವಾಯಿತು. ನೋಟುಪುಸ್ತಕ, ಪಠ್ಯಪುಸ್ತಕ, ಪತ್ರಿಕೆ, ಕಾದಂಬರಿ ಎಲ್ಲವೂ ಕಾಗದದ ಮೇಲೆಯೇ ನಡೆದವು. ಮಲೆನಾಡಿನ ಕಾಡನ್ನು ವರ್ಣಿಸುವ ಪುಟಗಳನ್ನು ನಾವು ಎಷ್ಟೋ ಪ್ರೀತಿಯಿಂದ ಓದಿದ್ದೇವೆ. ಆ ಪುಟ ಯಾವುದರಿಂದ ಆಗಿದೆ ಎಂದು ನಮ್ಮ ವಿಮರ್ಶೆ ಕೇಳಿದ್ದು ಕಡಿಮೆ.

ಕಳೆದ ಕೆಲವು ವರ್ಷಗಳಿಂದ ‘ಪರಿಸರ ವಿಮರ್ಶೆ’ ಎಂಬ ಹೆಸರಿನಲ್ಲಿ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಸಾಕಷ್ಟು ಪ್ರಬಂಧಗಳು ಬರುತ್ತಿವೆ. ಅವುಗಳ ದಾರಿ ಹೆಚ್ಚುಕಡಿಮೆ ಒಂದೇ. ಕುವೆಂಪು, ಕಾರಂತ, ತೇಜಸ್ವಿಯವರ ಕೃತಿಗಳಲ್ಲಿ ಕಾಡು ಎಲ್ಲೆಲ್ಲಿ ಬರುತ್ತದೆ ಎಂದು ಗುರುತು ಹಾಕುವುದು, ಆ ವರ್ಣನೆಯಲ್ಲಿ ‘ಪರಿಸರ ಪ್ರಜ್ಞೆ’ ಇದೆ ಎಂದು ತೀರ್ಮಾನಿಸುವುದು. ನಾನೂ ಆ ದಾರಿಯಲ್ಲಿ ಎರಡು ವರ್ಷ ನಡೆದವನು. ಕಾಗದಕ್ಕಾಗಿ, ಪಲ್ಪಿಗಾಗಿ ಸಹಜ ಕಾಡನ್ನು ಕಡಿಯುವುದರ ವಿರುದ್ಧ ಕರ್ನಾಟಕದಲ್ಲಿ ನಡೆದ ಹೋರಾಟಗಳ ಕರಪತ್ರ, ಘೋಷಣೆ, ಮನವಿಗಳನ್ನು ಓದತೊಡಗಿದ ಮೇಲೆ ಈ ದಾರಿ ಸಾಲದು ಅನ್ನಿಸಿತು. ಈ ಹೋರಾಟಗಳು ಕಾಡನ್ನು ವರ್ಣಿಸುವುದಿಲ್ಲ. ಕಾಡಿನ ಸುತ್ತ ಬಳಕೆಯಲ್ಲಿರುವ ನಾಮಪದ, ಕ್ರಿಯಾಪದಗಳ ಜೊತೆ ಜಗಳವಾಡುತ್ತವೆ. ಗೆದ್ದ ಕಡೆ ಅವು ಒಂದು ಒಳ್ಳೆಯ ಕ್ರಿಯಾಪದ ಕಂಡುಕೊಂಡಿದ್ದವು ಎಂಬುದು ನನ್ನ ವಾದ.

*

ಮೊದಲು ನಾಮಪದಗಳನ್ನು ನೋಡೋಣ. ಬ್ರಿಟಿಷ್ ಕಾಲದ ಅರಣ್ಯಾಧಿಕಾರಿಗಳ ಕಣ್ಣಿಗೆ ಬಿದಿರು ಒಂದು ಕಳೆ. ಅವರಿಗೆ ಬೇಕಿದ್ದದ್ದು ತೇಗ. ತೇಗದ ಸಸಿಗೆ ಅಡ್ಡ ಬರುವ ಬಿದಿರುಮೆಳೆಯನ್ನು ಸವರಿ ತೆಗೆಯುವುದು ಅವರ ಶಾಸ್ತ್ರದ ಭಾಗವಾಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಬಿದಿರಿನಿಂದ ಕಾಗದ ಮಾಡುವ ಪ್ರಯೋಗಗಳು ನಡೆದವು. 1925ರಲ್ಲಿ ಬಿದಿರಿನ ಕಾಗದದ ಉದ್ಯಮಕ್ಕೆ ಸುಂಕದ ರಕ್ಷಣೆ ಕೊಡುವ ಕಾಯಿದೆ ಬಂತು. ಕಳೆ ಎನ್ನಿಸಿಕೊಂಡಿದ್ದು ಒಂದು ತಲೆಮಾರಿನಲ್ಲಿ ಕಚ್ಚಾವಸ್ತುವಾಯಿತು. ಇನ್ನು 1927ರ ಭಾರತೀಯ ಅರಣ್ಯ ಕಾಯಿದೆ ಬಿದಿರನ್ನು ಮರದ ಸಾಲಿಗೆ ಸೇರಿಸಿತು. ಸಸ್ಯಶಾಸ್ತ್ರದ ಪ್ರಕಾರ ಬಿದಿರು ಹುಲ್ಲು. ಇದು ಹಳ್ಳಿಯವರಿಗೂ ಗೊತ್ತಿರುವ ಮಾತು. ಆದರೆ ಮರ ಎಂದು ಬರೆದದ್ದರಿಂದ ರೈತ ತನ್ನ ಹಿತ್ತಲಿನ ಬಿದಿರು ಕಡಿದು ಸಾಗಿಸಲೂ ಇಲಾಖೆಯ ಅಪ್ಪಣೆ ಕೇಳಬೇಕಾಯಿತು. 2006ರ ಅರಣ್ಯ ಹಕ್ಕು ಕಾಯಿದೆ ಅದನ್ನು ಕಿರು ಅರಣ್ಯ ಉತ್ಪನ್ನ ಎಂದು ಕರೆಯಿತು. ಕಾಡಿನ ಹೊರಗೆ ಬೆಳೆದ ಬಿದಿರನ್ನು ಮರದ ವ್ಯಾಖ್ಯೆಯಿಂದ ಬಿಡಿಸಲು 2017ರ ತನಕ ಕಾಯಬೇಕಾಯಿತು.

ಕಳೆ, ಕಚ್ಚಾವಸ್ತು, ಮರ, ಕಿರು ಉತ್ಪನ್ನ: ಒಂದೇ ಗಿಡಕ್ಕೆ ಒಂದು ಶತಮಾನದಲ್ಲಿ ನಾಲ್ಕು ಹೆಸರು. ಪ್ರತಿ ಹೆಸರಿನ ಜೊತೆಗೂ ಅದರ ಒಡೆಯ ಬದಲಾಗುತ್ತಾನೆ. ನಮ್ಮ ಜನಪದದಲ್ಲಿ ತೊಟ್ಟಿಲಿನಿಂದ ಚಟ್ಟದವರೆಗೆ ಬಿದಿರು ಮನುಷ್ಯನಿಗೆ ಏನೇನಾಯಿತು ಎಂದು ಎಣಿಸುವ ಹಾಡುಗಳಿವೆ. ಆ ಎಣಿಕೆಯಲ್ಲಿ ಕಾಗದದ ಹೆಸರನ್ನು ನಾನು ಕೇಳಿಲ್ಲ. ಹಾಡಿನ ಪಟ್ಟಿಯಲ್ಲಿರುವ ವಸ್ತುಗಳಿಗೆಲ್ಲ ಬಿದಿರು ಬಿದಿರಾಗಿಯೇ ಉಳಿದು ಒದಗುತ್ತದೆ. ಮೊರವನ್ನು ನೋಡಿದರೆ ಸೀಳು ಕಾಣುತ್ತದೆ, ಏಣಿಯನ್ನು ನೋಡಿದರೆ ಗೆಣ್ಣು ಕಾಣುತ್ತದೆ. ಕಾಗದವನ್ನು ನೋಡಿದರೆ ಬಿದಿರು ಕಾಣುವುದಿಲ್ಲ. ಕಾಗದ ತನ್ನ ಹುಟ್ಟನ್ನು ಅಳಿಸಿಕೊಂಡು ಬರುವ ವಸ್ತು. ಹೋರಾಟಗಾರರ ಮೊದಲ ಕಷ್ಟವೇ ಇದು.

*

ದಾಂಡೇಲಿಯ ಕತೆಯಲ್ಲಿ ಒಂದು ಘಟನೆ ಇದೆ. ಅದನ್ನು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಹಲವು ಕಡೆ ಬರೆದಿದ್ದಾರೆ. ಕಾರ್ಖಾನೆ ಬಂದ ಮೇಲೆ ಬಿದಿರು ಸಿಗದೆ ಮೇದಾರರು ದೂರಿದರು, ಪ್ರತಿಭಟಿಸಿದರು. 1970ರ ದಶಕದ ನಡುವಿನಲ್ಲಿ ಬಿದಿರಿನ ಸ್ಥಿತಿಯನ್ನು ಅಧ್ಯಯನ ಮಾಡುವ ಕೆಲಸ ಗಾಡ್ಗೀಳರ ಪಾಲಿಗೆ ಬಂತು. ಅವರೂ ಎಸ್. ನರೇಂದ್ರ ಪ್ರಸಾದ್ ಅವರೂ ಕಾಡು ಸುತ್ತಿದರು. ದನ ಮೇಯಿಸುವವರಿಂದ, ಕಳಲೆ ಮುರಿಯುವವರಿಂದ ಬಿದಿರು ಹಾಳಾಗುತ್ತಿದೆ ಎಂಬುದು ಆಗ ಸಾಮಾನ್ಯವಾಗಿ ಕೇಳಿಬರುತ್ತಿದ್ದ ಆರೋಪ. ಅರಣ್ಯ ಇಲಾಖೆ ಮೆಳೆ ಚೆನ್ನಾಗಿ ಬೆಳೆಯಲಿ ಎಂದು ಅದರ ಬುಡದ ಮುಳ್ಳುಕಂಟಿಯನ್ನು ಸವರಿಸುತ್ತಿತ್ತು. ಹಳ್ಳಿಯವರು ಬೇರೆಯದೇ ಹೇಳಿದರು: ಆ ಮುಳ್ಳೇ ಎಳೆ ಕಳಲೆಗೆ ಬೇಲಿ, ಮುಳ್ಳು ತೆಗೆದರೆ ದನವೂ ಕಾಡುಪ್ರಾಣಿಗಳೂ ಮೊಳಕೆಯನ್ನು ತಿಂದುಬಿಡುತ್ತವೆ. ಅಳತೆ ಮಾಡಿ ನೋಡಿದಾಗ ಹಳ್ಳಿಯವರ ಮಾತು ನಿಜವಾಗಿತ್ತು. ಕಾಡಿನಲ್ಲಿ ಎಷ್ಟು ಬಿದಿರಿದೆ ಎಂಬ ಆರಂಭದ ಅಂದಾಜೂ ವಾಸ್ತವಕ್ಕಿಂತ ಬಹಳ ಹೆಚ್ಚಾಗಿತ್ತು ಎಂಬುದು ಹೊರಬಿತ್ತು.

ಇದನ್ನು ಸಾಮಾನ್ಯವಾಗಿ ‘ಜನಜ್ಞಾನದ ಗೆಲುವು’ ಎಂದು ಓದುತ್ತಾರೆ. ಆ ಓದಿನಲ್ಲಿ ನನಗೊಂದು ಅಸಮಾಧಾನವಿದೆ. ಈ ಕತೆಯಲ್ಲಿ ಗೆದ್ದವರು ಯಾರು? ವಿಜ್ಞಾನಕ್ಕೆ ಒಂದು ಒಳ್ಳೆಯ ಉದಾಹರಣೆ ಸಿಕ್ಕಿತು. ಕಾರ್ಖಾನೆ ಉತ್ತರ ಕನ್ನಡದಲ್ಲಿ ಬಿದಿರು ಕಡಿಮೆಯಾದಂತೆ ಬೇರೆ ಕಡೆ, ಬೇರೆ ಮರಗಳ ಕಡೆ ಕೈಚಾಚಿತು. ದೂರು ಕೊಟ್ಟ ಮೇದಾರರು ಕತೆಯ ಮೊದಲ ವಾಕ್ಯದಲ್ಲಿ ಬಂದು ಎರಡನೆಯ ವಾಕ್ಯಕ್ಕೆ ಮರೆಯಾಗುತ್ತಾರೆ. ಕರ್ನಾಟಕದ ಪರಿಸರ ಚಳವಳಿಯ ಬಗ್ಗೆ ಬರುವ ಬರಹಗಳಲ್ಲಿ ರೈತ ಇದ್ದಾನೆ, ಅಡಿಕೆ ಬೆಳೆಗಾರ ಇದ್ದಾನೆ, ಮಹಿಳೆಯರ ಹೆಸರೂ ಬರುತ್ತದೆ. ಕಾಗದದ ವಿರುದ್ಧ ಮೊದಲು ತಕರಾರು ಎತ್ತಿದ ಸಮುದಾಯ ಪಾತ್ರವಾಗಿ ಬೆಳೆಯಲೇ ಇಲ್ಲ.

ಕನ್ನಡ ಸಾಹಿತ್ಯಕ್ಕೆ ಮೇದಾರ ಹೊಸಬನಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಮೇದಾರ ಕೇತಯ್ಯನಿದ್ದಾನೆ. ಬಿದಿರು ತಂದು ಹೆಣೆದು ಮಾರುವುದು ಅವನ ಕಾಯಕ. ಕಡಿದ ಬಿದಿರಿನಿಂದ ಹೊನ್ನು ಉದುರಿದರೂ ಅವನು ಅದನ್ನು ಮುಟ್ಟದೆ ಬಂದ ಎಂಬ ಕತೆಯೂ ಇದೆ. ಭಕ್ತಿಯ ನಿಸ್ಪೃಹತೆಗೆ ನಿದರ್ಶನವಾಗಿ ನಾವು ಅದನ್ನು ಕೇಳಿದ್ದೇವೆ. ದಾಂಡೇಲಿಯ ದರಪಟ್ಟಿ ಓದಿದ ಮೇಲೆ ನನಗೆ ಅದು ಬೇರೆ ಥರ ಕೇಳಿಸುತ್ತದೆ. ಬಿದಿರಿನೊಳಗೆ ಹೊನ್ನಿದೆ ಎಂದು ತಿಳಿದೂ ಬಿದಿರಿಗಷ್ಟೇ ಕೈಹಾಕುವವನು ಒಬ್ಬ. ಒಳಗಿನ ಹೊನ್ನಿಗಾಗಿ ಇಡೀ ಮೆಳೆಯನ್ನು ಟನ್ನಿನ ಲೆಕ್ಕದಲ್ಲಿ ಒಯ್ಯುವವನು ಇನ್ನೊಬ್ಬ.

*

ಬಿದಿರು ತೀರುತ್ತಾ ಬಂದಂತೆ ಬೇಗ ಬೆಳೆಯುವ ಮರಗಳ ಕಾಲ ಬಂತು. ಸಹಜ ಕಾಡನ್ನು ಬೋಳಿಸಿ, ಹುಲ್ಲುಗಾವಲನ್ನು ಉತ್ತು, ನೀಲಗಿರಿ ಮತ್ತು ಅಕೇಶಿಯಾ ನೆಡುತೋಪುಗಳು ಎದ್ದವು. 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್, ಅಂದರೆ ಕೆಪಿಎಲ್, ಸ್ಥಾಪನೆಯಾಯಿತು. ಸರ್ಕಾರದ ಅರಣ್ಯ ನೆಡುತೋಪು ನಿಗಮದ ಪಾಲು 51 ಶೇಕಡಾ, ಹರಿಹರ ಪಾಲಿಫೈಬರ್ಸ್ ಪಾಲು 49 ಶೇಕಡಾ. ಸುಮಾರು 30 ಸಾವಿರ ಹೆಕ್ಟೇರ್ ಭೂಮಿಯಲ್ಲಿ ನೀಲಗಿರಿಯಂಥ ಮರ ಬೆಳೆದು ಕಾರ್ಖಾನೆಗೆ ಪಲ್ಪು ಒದಗಿಸುವುದು ಯೋಜನೆ. ಈ ಪಲ್ಪು ಹೋಗುತ್ತಿದ್ದದ್ದು ಕಾಗದಕ್ಕಲ್ಲ, ರೇಯಾನ್ ನೂಲಿಗೆ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಆದರೆ ನೆಲದ ಮಟ್ಟದಲ್ಲಿ ಎರಡರ ನಡೆಯೂ ಒಂದೇ: ಮರವನ್ನು ತಿರುಳಾಗಿ ನೋಡುವುದು, ನೆಲವನ್ನು ಆ ತಿರುಳಿನ ಉಗ್ರಾಣವಾಗಿ ನೋಡುವುದು.

ಕೆಪಿಎಲ್‌ಗೆ ಹೋದ ನೆಲದ ಸರ್ಕಾರಿ ಹೆಸರು ‘ಸಿ ಮತ್ತು ಡಿ ದರ್ಜೆ’. ಆ ನೆಲಕ್ಕೆ ಊರಿನವರ ಬಾಯಲ್ಲಿ ಬೇರೆ ಹೆಸರುಗಳಿದ್ದವು. ಗೋಮಾಳ, ಹುಲ್ಲುಬನ್ನಿ, ಗುಡ್ಡ, ಕಾನು, ಸೊಪ್ಪಿನಬೆಟ್ಟ. ಇವುಗಳಲ್ಲಿ ಬಹುಪಾಲು ಹೆಸರಿನೊಳಗೇ ಬಳಕೆ ಇದೆ. ದನ ಮೇಯುವ ಜಾಗ, ಹುಲ್ಲು ಕೊಯ್ಯುವ ಜಾಗ, ತೋಟಕ್ಕೆ ಸೊಪ್ಪು ತರುವ ಜಾಗ. ‘ಸಿ’ ಮತ್ತು ‘ಡಿ’ ಎಂಬ ಅಕ್ಷರಗಳಲ್ಲಿ ಯಾರ ಬಳಕೆಯೂ ಇಲ್ಲ. ಅಕ್ಷರವಷ್ಟೇ ಇರುವ ನೆಲವನ್ನು ಬಂಜರು ಎನ್ನುವುದು ಸುಲಭ. ಬಂಜರು ಎಂದ ಮೇಲೆ ಅಲ್ಲಿ ಏನು ನೆಟ್ಟರೂ ಉಪಕಾರವೇ.

ಸರ್ಕಾರಿ ಕನ್ನಡದ ಕ್ರಿಯಾಪದವನ್ನೂ ಗಮನಿಸಬೇಕು. ಮಂಜೂರು ಮಾಡಲಾಗಿದೆ, ಹಸ್ತಾಂತರಿಸಲಾಗಿದೆ, ನೆಡಲಾಗಿದೆ, ಕಟಾವು ಮಾಡಲಾಗಿದೆ. ಈ ‘ಲಾಗಿದೆ’ ನಮಗೆ ಎಷ್ಟು ಅಭ್ಯಾಸವಾಗಿದೆ ಎಂದರೆ ಸಂಶೋಧನಾ ಪ್ರಬಂಧಗಳಲ್ಲಿ ನಾವೂ ‘ಚರ್ಚಿಸಲಾಗಿದೆ’ ಎಂದು ಬರೆಯುತ್ತೇವೆ. ಯಾರು ಚರ್ಚಿಸಿದರು? ಗೊತ್ತಿಲ್ಲ. ಯಾರು ನೆಟ್ಟರು, ಯಾರಿಗಾಗಿ ಕಡಿದರು? ವಾಕ್ಯ ಹೇಳುವುದಿಲ್ಲ. ಕಾಗದ ತನ್ನ ಬಿದಿರನ್ನು ಅಡಗಿಸಿಕೊಳ್ಳುವ ಹಾಗೆ ಈ ವಾಕ್ಯ ತನ್ನ ಕರ್ತೃವನ್ನು ಅಡಗಿಸಿಕೊಳ್ಳುತ್ತದೆ.

*

ಈ ವ್ಯಾಕರಣಕ್ಕೆ ಎದುರಾಗಿ ಬಂದ ಉತ್ತರವೇ ‘ಕಿತ್ತಿಕೊ–ಹಚ್ಚಿಕೊ’. ಸಮಾಜ ಪರಿವರ್ತನ ಸಮುದಾಯ ಎಸ್. ಆರ್. ಹಿರೇಮಠರ ಮುಂದಾಳತ್ವದಲ್ಲಿ ಕೆಪಿಎಲ್ ವಿರುದ್ಧ ಜನರನ್ನು ಸಂಘಟಿಸಿತು. 1986ರ ಕೊನೆಯಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ ಸಂಸ್ಥೆಯ ಜೊತೆ ಶಿವರಾಮ ಕಾರಂತರೂ ಅರ್ಜಿದಾರರಾಗಿದ್ದರು. 1987ರ ಮಾರ್ಚಿಯಲ್ಲಿ ನ್ಯಾಯಾಲಯ ಇನ್ನಷ್ಟು ಭೂಮಿ ಕೈಬದಲಾಗದಂತೆ ತಡೆಯಾಜ್ಞೆ ಕೊಟ್ಟಿತು. ಅದೇ ವರ್ಷ ನವೆಂಬರ್ 14ರಂದು ಆಗ ಧಾರವಾಡ ಜಿಲ್ಲೆಯಲ್ಲಿದ್ದ, ಈಗ ಹಾವೇರಿ ಜಿಲ್ಲೆಗೆ ಸೇರಿದ ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಊರಿಗೆ ಬೇಕಾದ ಗಿಡಗಳನ್ನು ನೆಟ್ಟರು.

ಇಂಗ್ಲಿಷಿನಲ್ಲಿ ಈ ಸತ್ಯಾಗ್ರಹದ ಹೆಸರನ್ನು ‘ಪ್ಲಕ್ ಅಂಡ್ ಪ್ಲಾಂಟ್’ ಎಂದು ಅನುವಾದಿಸುತ್ತಾರೆ. ಪ್ರಾಸವಿದೆ, ಚುರುಕೂ ಇದೆ. ಆದರೆ ಹೆಸರಿನ ಅರ್ಧ ಜೀವ ಅಲ್ಲಿ ಉದುರಿಹೋಗಿದೆ. ಹಳೆ ಮೈಸೂರಿನವರು ಗಿಡ ನೆಡುತ್ತಾರೆ, ದೀಪ ಹಚ್ಚುತ್ತಾರೆ. ಉತ್ತರ ಕರ್ನಾಟಕದವರು ಗಿಡವನ್ನೂ ಹಚ್ಚುತ್ತಾರೆ. ಇನ್ನು ‘ಹಚ್ಚಿಕೊ’ ಎಂದಾಗ ಎರಡು ಅರ್ಥ ಒಟ್ಟಿಗೆ ಬರುತ್ತವೆ: ನಿನಗಾಗಿ ನೆಟ್ಟುಕೊ ಎಂಬುದೊಂದು, ಮನಸ್ಸಿಗೆ ಹಚ್ಚಿಕೊ ಎಂಬುದಿನ್ನೊಂದು. ಮಕ್ಕಳನ್ನು ಹಚ್ಚಿಕೊಂಡಿದ್ದಾಳೆ, ಊರನ್ನು ಹಚ್ಚಿಕೊಂಡಿದ್ದಾನೆ ಎನ್ನುತ್ತೇವಲ್ಲ, ಆ ಅರ್ಥ. ‘ಕಿತ್ತಿಕೊ’ ಎಂಬುದಕ್ಕೂ ಹೀಗೆ ಎರಡು ಮುಖ. ಬೇರುಸಹಿತ ಕೀಳು ಎಂಬುದೊಂದು, ಬೇರೆಯವರ ಕೈಯಿಂದ ಕಸಿದುಕೊ ಎಂಬುದಿನ್ನೊಂದು. ನಮ್ಮಿಂದ ಕಿತ್ತುಕೊಂಡಿದ್ದನ್ನು ನಾವು ಕಿತ್ತುಕೊಳ್ಳುತ್ತೇವೆ ಎಂಬ ಧ್ವನಿ ಅಲ್ಲಿದೆ.

ಎರಡೂ ಪದಗಳ ಕೊನೆಯಲ್ಲಿರುವ ‘ಕೊ’ ಇಲ್ಲಿ ಮುಖ್ಯ. ಮಾಡು ಎಂಬುದಕ್ಕೂ ಮಾಡಿಕೊ ಎಂಬುದಕ್ಕೂ ಇರುವ ವ್ಯತ್ಯಾಸ ಕನ್ನಡ ಮಾತಾಡುವ ಮಗುವಿಗೂ ಗೊತ್ತು. ‘ಕೊ’ ಬಂದಾಗ ಕೆಲಸದ ಫಲ ಮಾಡಿದವನ ಕಡೆಗೆ ತಿರುಗುತ್ತದೆ. ಹೊಣೆಯೂ ಅವನ ಕಡೆಗೇ ತಿರುಗುತ್ತದೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಹತ್ತಿರದ ಸಾಲ್ಕಣಿಯ ಜನ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡು ನಿಂತಾಗಲೂ ಹೆಸರಿನಲ್ಲಿ ಇದೇ ‘ಕೊ’ ಇತ್ತು. ಹಿಮಾಲಯದ ಚಿಪ್ಕೋದಿಂದ ಪ್ರೇರಣೆ ಪಡೆದರೂ ‘ಅಪ್ಪಿಕೊ’ ಎಂಬ ಪದ ಕನ್ನಡದ ವ್ಯಾಕರಣದಿಂದಲೇ ಬಂದದ್ದು. ‘ಲಾಗಿದೆ’ ಎಂಬ ಕರ್ತೃವಿಲ್ಲದ ವಾಕ್ಯಕ್ಕೆ ಜನ ಕಂಡುಕೊಂಡ ಉತ್ತರ ಕರ್ತೃವನ್ನು ಎರಡು ಸಲ ಹೇಳುವ ವಾಕ್ಯ. ‘ಕಾಡು ಉಳಿಸಿ’ ಎಂಬ ಘೋಷಣೆಯಲ್ಲಿ ಉಳಿಸಬೇಕಾದವರು ಯಾರೋ ಮೇಲಿನವರು. ‘ಹಚ್ಚಿಕೊ’ ಎಂಬಲ್ಲಿ ಮೇಲಿನವರಿಲ್ಲ.

ಕೆಪಿಎಲ್ 1991ರಲ್ಲಿ ಮುಚ್ಚಿತು. 1988ರ ರಾಷ್ಟ್ರೀಯ ಅರಣ್ಯ ನೀತಿ, ಕಾರ್ಖಾನೆಗಳು ತಮಗೆ ಬೇಕಾದ ಮರವನ್ನು ರೈತರ ಜೊತೆ ನೇರ ಸಂಬಂಧದಲ್ಲಿ ಬೆಳೆಸಿಕೊಳ್ಳಬೇಕು, ರಿಯಾಯಿತಿ ದರದಲ್ಲಿ ಕಾಡಿನ ಉತ್ಪನ್ನ ಕೊಡುವುದು ನಿಲ್ಲಬೇಕು ಎಂದಿತು. ಇದೆಲ್ಲ ಒಂದು ಘೋಷಣೆಯಿಂದ ಆಯಿತು ಎಂದು ನಾನು ಹೇಳುತ್ತಿಲ್ಲ. ಅರ್ಜಿ, ಅಂಕಿಅಂಶ, ಪಾದಯಾತ್ರೆ, ವಕೀಲರು ಎಲ್ಲರೂ ಬೇಕಾಯಿತು. ಆದರೆ ಅಷ್ಟನ್ನೂ ಹಳ್ಳಿಯ ಜನ ತಮ್ಮದು ಅಂದುಕೊಳ್ಳಲು ಈ ಕ್ರಿಯಾಪದ ದಾರಿ ಮಾಡಿತು.

*

ಇಲ್ಲಿ ಕಾರಂತರ ಹೆಸರು ಬಂದದ್ದರಿಂದ ಒಂದು ತೊಡಕನ್ನು ಎದುರಿಸಬೇಕು. 1986ರಲ್ಲಿ ಕಾಡಿನ ಪರವಾಗಿ ಕೋರ್ಟಿಗೆ ಹೋದ, 1989ರಲ್ಲಿ ಕೈಗಾ ಅಣುಸ್ಥಾವರವನ್ನು ವಿರೋಧಿಸುತ್ತಾ ಲೋಕಸಭೆಗೆ ನಿಂತು ಸೋತ ಈ ಲೇಖಕ 1943ರಲ್ಲಿ ‘ಬೆಟ್ಟದ ಜೀವ’ ಬರೆದಿದ್ದರು. ಆ ಕಾದಂಬರಿಯ ಗೋಪಾಲಯ್ಯ ಕುಮಾರಪರ್ವತದ ಮಗ್ಗುಲಲ್ಲಿ ಕಾಡು ಕಡಿದು ತೋಟ ಮಾಡಿದವನು. ಕಾದಂಬರಿ ಅವನನ್ನು ಮೆಚ್ಚುಗೆಯಿಂದಲೇ ನೋಡುತ್ತದೆ. ಕಾಡು ಕಡಿದವನ ಸಾಹಸದ ಕತೆ ಬರೆದವರು ನಲವತ್ತು ವರ್ಷಗಳ ಮೇಲೆ ಕಾಡು ಕಡಿಯುವುದರ ವಿರುದ್ಧ ನಿಂತರು. ಪರಿಸರ ವಿಮರ್ಶೆ ಇದನ್ನು ಎರಡು ರೀತಿ ಜಾರಿಸಿಬಿಡುತ್ತದೆ. ‘ಬೆಟ್ಟದ ಜೀವ’ದಲ್ಲಿಯೂ ನಿಸರ್ಗಪ್ರೇಮ ಇದೆ ಎನ್ನುವುದು ಒಂದು. ಕಾರಂತರು ಕಾಲಕ್ರಮೇಣ ಬದಲಾದರು ಎನ್ನುವುದು ಇನ್ನೊಂದು.

ಎರಡೂ ಬೇಕಿಲ್ಲ. ಗೋಪಾಲಯ್ಯ ಕಾಡನ್ನು ಕಡಿದದ್ದು ಅಲ್ಲಿ ಬದುಕಲು. ಅವನ ತೋಟಕ್ಕೆ ಆನೆ ಬರುತ್ತದೆ, ಹುಲಿಯ ಭಯವಿದೆ, ಮಗ ಮನೆಬಿಟ್ಟು ಹೋಗಿದ್ದಾನೆ. ಆ ಗುಡ್ಡದಲ್ಲಿ ಆಗುವ ಒಳಿತು ಕೆಡುಕೆಲ್ಲ ಅವನ ಅಂಗಳಕ್ಕೇ ಬಂದು ಬೀಳುತ್ತದೆ. ಅವನು ಆ ಬೆಟ್ಟವನ್ನು ಹಚ್ಚಿಕೊಂಡವನು. ಟನ್ನಿಗೆ ಒಂದೂವರೆ ರೂಪಾಯಿಯಂತೆ ಬಿದಿರು ಒಯ್ಯುವ ಕಾರ್ಖಾನೆಯ ಅಂಗಳಕ್ಕೆ ಆ ಕಾಡಿನ ಯಾವ ಕೆಡುಕೂ ಬರುವುದಿಲ್ಲ. ಕಾರಂತರಿಗೆ ಮರ ಕಡಿಯುವುದೇ ಪಾಪವಾಗಿರಲಿಲ್ಲ. ಕಡಿದ ಜಾಗದಲ್ಲಿ ಕಡಿದವನು ನಿಂತಿದ್ದಾನೆಯೇ ಎಂಬುದು ಕಾದಂಬರಿಗೂ ಅರ್ಜಿಗೂ ಸಾಮಾನ್ಯವಾದ ಪ್ರಶ್ನೆ.

ಹಾಗೆಂದು ‘ಕೊ’ ಎಂಬುದನ್ನು ಪೂಜಿಸಬೇಕಾಗಿಲ್ಲ. ‘ಒತ್ತುವರಿ ಮಾಡಿಕೊ’ ಎಂಬುದರಲ್ಲೂ ಅದೇ ‘ಕೊ’ ಇದೆ. ಮಲೆನಾಡಿನಲ್ಲಿ ಸೊಪ್ಪಿನಬೆಟ್ಟಗಳು ಮೆಲ್ಲಗೆ ಅಡಿಕೆ ತೋಟವಾದದ್ದು ನಮ್ಮ ಕಣ್ಣೆದುರಿಗಿದೆ. ಗೋಪಾಲಯ್ಯನಿಗೆ ನೆಲವಿತ್ತು, ಜಾತಿಯ ಬಲವಿತ್ತು. ಹಚ್ಚಿಕೊಳ್ಳಲು ಅಂಗೈಯಗಲ ಜಾಗವಿಲ್ಲದವರ ವ್ಯಾಕರಣ ಯಾವುದು? ಮೇದಾರ ಕಾಡಿನಲ್ಲಿ ಏನನ್ನೂ ನೆಡಲಿಲ್ಲ. ಬೇಕಾದಷ್ಟು ಬಿದಿರನ್ನು ತಂದುಕೊಂಡ, ಅಷ್ಟೇ. ಊರಿನ ‘ನಾವು’ ನೆಲದ ಒಡೆತನದಿಂದಲೇ ಕಟ್ಟಿದ್ದಾದರೆ ಅವನು ಅದರ ಹೊರಗೇ ಉಳಿಯುತ್ತಾನೆ. ಕುಸನೂರಿನ ಹೋರಾಟ ಊರಿನ ಸಾಮುದಾಯಿಕ ನೆಲದ ಮಾತಾಡಿದ್ದರಿಂದ ಅದಕ್ಕೊಂದು ವಿಸ್ತಾರ ಬಂತು. ಆ ವಿಸ್ತಾರ ಆಮೇಲಿನ ಹೋರಾಟಗಳಲ್ಲಿ ಉಳಿಯಿತೇ ಎಂಬುದನ್ನು ನೋಡಬೇಕು.

*

ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ ಶುರುವಾದದ್ದು 1936ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. 1977ರಲ್ಲಿ ಅದು ಸರ್ಕಾರಿ ಕಂಪನಿಯಾಯಿತು. ಆಮೇಲೆ ಪತ್ರಿಕಾ ಕಾಗದವನ್ನೂ ತಯಾರಿಸಿತು. ಅದಕ್ಕೆ ಮರ ಒದಗಿಸಲು ಶಿವಮೊಗ್ಗ ಸುತ್ತಿನ ಅರಣ್ಯಭೂಮಿಯನ್ನು 40 ವರ್ಷದ ಗೇಣಿಗೆ ಕೊಡಲಾಯಿತು. (ನೋಡಿ, ನಾನೂ ‘ಲಾಯಿತು’ ಎಂದೇ ಬರೆದೆ. ಕೊಟ್ಟದ್ದು ರಾಜ್ಯ ಸರ್ಕಾರ.) ಆ ನೆಲದ ಮೇಲೆ ಅಕೇಶಿಯಾ, ನೀಲಗಿರಿ ಬೆಳೆದವು. ಕಳೆದ ದಶಕದ ನಡುವಿನಲ್ಲಿ ಕಾರ್ಖಾನೆ ನಿಂತಿತು. 2020ರಲ್ಲಿ ಗೇಣಿ ಮುಗಿಯಿತು. ಅದೇ ವರ್ಷ, ನಿಂತುಹೋದ ಕಾರ್ಖಾನೆಯ ಹೆಸರಿನಲ್ಲಿ ಸುಮಾರು 20 ಸಾವಿರ ಹೆಕ್ಟೇರಿನ ಗೇಣಿಯನ್ನು ಸರ್ಕಾರ ಮತ್ತೆ 40 ವರ್ಷ ಮುಂದುವರಿಸಿತು. ಕಾಗದವೇ ಬಾರದ ಕಾಗದದ ಕಾಡು.

ಆಗ ಹುಟ್ಟಿದ ಹೋರಾಟದ ಹೆಸರು ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’. ಈ ಹೋರಾಟದ ಬೇಡಿಕೆ ನ್ಯಾಯವಾದದ್ದು: ಗೇಣಿ ರದ್ದಾಗಲಿ, ಸಹಜ ಕಾಡು ಮರಳಲಿ. ಹೆಸರಿನ ಬಗ್ಗೆ ನನ್ನದೊಂದು ತಕರಾರಿದೆ. ವಾಕ್ಯದ ನಡುವೆ ನಿಂತಿರುವುದು ಮರ. ಗೇಣಿ ಬರೆದ ಕೈ ಕಾಣುವುದಿಲ್ಲ. ಹೆಸರಿನಲ್ಲಿ ಮರ ಖಳನಾಯಕನಾದ ಕೂಡಲೇ ಚರ್ಚೆ ಮರದ ಗುಣಾವಗುಣಗಳ ಕಡೆ ಹೊರಳುತ್ತದೆ. ಅಕೇಶಿಯಾ ಗಾಳಿಗೆ ಉಬ್ಬಸ ಬರುತ್ತದೆಯೇ, ನೀಲಗಿರಿ ಎಷ್ಟು ನೀರು ಕುಡಿಯುತ್ತದೆ ಎಂಬ ವಾದಗಳಲ್ಲಿ ನೆಲ ಯಾರದು ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಅಕೇಶಿಯಾ ಬೇಡ ಎಂದರೆ ಇನ್ನೊಂದು ಮರ ನೆಡುತ್ತೇವೆ ಎಂದು ಗೇಣಿದಾರ ಹೇಳಬಹುದು. ಆಗ ಘೋಷಣೆಯ ಕೈಯಲ್ಲಿ ಉತ್ತರವಿರುವುದಿಲ್ಲ.

ಮರ ತನ್ನಷ್ಟಕ್ಕೆ ಖಳನಾಯಕ ಅಲ್ಲ ಎಂಬುದಕ್ಕೆ ಸಾಕ್ಷಿ ನೀಲಗಿರಿಯ ತವರಿನಲ್ಲೇ ಸಿಗುತ್ತದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಮೌಂಟನ್ ಆಶ್ ಎಂಬ ನೀಲಗಿರಿ ಜಾತಿಯ ಮರದ ಕಾಡುಗಳಿವೆ. ಹೂಬಿಡುವ ಸಸ್ಯಗಳಲ್ಲೇ ಅತಿ ಎತ್ತರಕ್ಕೆ ಬೆಳೆಯುವುದು ಅದು. ಹಳೆಯ ಮರಗಳ ಪೊಟರೆಯಲ್ಲಿ ಲೆಡ್‌ಬೀಟರ್ಸ್ ಪಾಸಮ್ ಎಂಬ ಅಂಗೈಯಷ್ಟರ ಪ್ರಾಣಿ ಬದುಕುತ್ತದೆ. ಅಂಥ ಪೊಟರೆಯಾಗಲು ಮರಕ್ಕೆ ನೂರು ವರ್ಷಕ್ಕೂ ಹೆಚ್ಚು ವಯಸ್ಸಾಗಬೇಕು. ಈ ಕಾಡಿನ ಮರ ಮೇರಿವೇಲ್ ಎಂಬಲ್ಲಿನ ಗಿರಣಿಗೆ ಹೋಗಿ ಕಚೇರಿಗಳಲ್ಲಿ ಬಳಸುವ ಬಿಳಿ ಹಾಳೆಯಾಗುತ್ತಿತ್ತು. ಅಲ್ಲಿನ ಹೋರಾಟಗಾರರು ಕಾಡಿನಲ್ಲಿ ನಿಂತರು, ನ್ಯಾಯಾಲಯಕ್ಕೆ ಹೋದರು, ಜೊತೆಗೆ ಆ ಹಾಳೆಯ ಬ್ರಾಂಡನ್ನೇ ಹಿಡಿದು ಅದನ್ನು ಕೊಳ್ಳಬೇಡಿ ಎಂದು ಕಚೇರಿಗಳನ್ನು ಕೇಳಿದರು. 2023ರಲ್ಲಿ ಆ ಗಿರಣಿಯಲ್ಲಿ ಬಿಳಿ ಕಾಗದದ ತಯಾರಿ ನಿಂತಿತು. 2024ರ ಜನವರಿ 1ರಿಂದ ವಿಕ್ಟೋರಿಯಾದ ಸರ್ಕಾರಿ ಭೂಮಿಯಲ್ಲಿ ಸಹಜ ಕಾಡಿನ ಮರ ಕಡಿಯುವುದೂ ನಿಂತಿತು. ಹಾನಗಲ್ಲಿನಲ್ಲಿ ಜನ ಕಿತ್ತದ್ದು ನೀಲಗಿರಿ, ವಿಕ್ಟೋರಿಯಾದಲ್ಲಿ ಜನ ಉಳಿಸಿಕೊಂಡದ್ದೂ ನೀಲಗಿರಿ. ಎರಡೂ ಕಡೆ ಎದುರಿಗಿದ್ದದ್ದು ಮರವನ್ನು ತಿರುಳಾಗಿ ಮಾತ್ರ ನೋಡುವ ಕಣ್ಣು.

ಆ ಹೋರಾಟದಿಂದ ನಮಗೆ ಬರುವ ಇನ್ನೊಂದು ಪ್ರಶ್ನೆ ಹೆಚ್ಚು ಕಷ್ಟದ್ದು. ಅವರು ಕಾಗದ ಬಳಸುವವರನ್ನು ಉದ್ದೇಶಿಸಿ ಮಾತಾಡಿದರು. ನಮ್ಮ ಹೋರಾಟಗಳು ಸರ್ಕಾರವನ್ನು, ಕಾರ್ಖಾನೆಯನ್ನು, ಊರವರನ್ನು ಉದ್ದೇಶಿಸಿದವು. ನಾನು ಓದಿದ ಮಟ್ಟಿಗೆ ಲೇಖಕರನ್ನು, ಪ್ರಕಾಶಕರನ್ನು, ಓದುಗರನ್ನು ಉದ್ದೇಶಿಸಲಿಲ್ಲ. ಇದಕ್ಕೆ ಕಾರಣವೂ ಇದೆ. ಸ್ಲೇಟಿನಿಂದ ನೋಟುಪುಸ್ತಕಕ್ಕೆ ಆಗಷ್ಟೇ ಬಂದಿದ್ದ ಸಮಾಜಕ್ಕೆ ಕಾಗದ ಬಿಡಿ ಎಂದು ಯಾರು ಹೇಳಿಯಾರು? ಅಗ್ಗದ ಕಾಗದ ಇಲ್ಲದಿದ್ದರೆ ದಲಿತ, ಬಂಡಾಯ ಸಾಹಿತ್ಯದ ಎಷ್ಟೋ ಸಣ್ಣ ಪತ್ರಿಕೆಗಳು ಹೊರಬರುತ್ತಿರಲಿಲ್ಲ. ಭದ್ರಾವತಿಯ ಕಾರ್ಖಾನೆ ನಿಂತಾಗ ಕೆಲಸ ಕಳೆದುಕೊಂಡವರ ಮನೆಗಳಿವೆ. ಕಾಗದದ ವಿರುದ್ಧದ ಮಾತು ಇವರೆಲ್ಲರ ಎದುರು ನಿಂತು ಆಡಬೇಕಾದ ಮಾತು. ಹಾಗಾಗಿ ಕಾಗದವನ್ನು ಶಪಿಸುವುದರಲ್ಲಿ ಅರ್ಥವಿಲ್ಲ. ಅಗ್ಗ ಎಂದರೆ ಯಾರ ಪಾಲಿಗೆ ಅಗ್ಗ, ಅದರ ಉಳಿದ ಬೆಲೆಯನ್ನು ಕಟ್ಟಿದವರು ಯಾರು ಎಂದು ಕೇಳುವುದರಲ್ಲಿ ಇದೆ. ದಾಂಡೇಲಿಯ ಮಟ್ಟಿಗೆ ಅದನ್ನು ಕಟ್ಟಿದವನು ಮೇದಾರ.

ಪರಿಸರ ವಿಮರ್ಶೆ ಮಾಡಬಹುದಾದ ಕೆಲಸ ಇಲ್ಲಿದೆ ಅನ್ನಿಸುತ್ತದೆ. ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂತು, ದಾಂಡೇಲಿಯ ಗಿರಣಿ ಬಿದಿರು ಅರೆಯುತ್ತಿದ್ದ ದಶಕದಲ್ಲಿ. ಕನ್ನಡ ಕಾದಂಬರಿಯ ಅತಿ ದಟ್ಟವಾದ ಕಾಡು ಅಚ್ಚಾಗುತ್ತಿದ್ದಾಗಲೇ ಪಕ್ಕದ ಜಿಲ್ಲೆಯ ಕಾಡು ತೆಳುವಾಗುತ್ತಿತ್ತು. ಇದರಿಂದ ಕಾದಂಬರಿಯ ಬೆಲೆ ಕುಗ್ಗುವುದಿಲ್ಲ, ಕುವೆಂಪು ಅಪರಾಧಿಯಾಗುವುದಿಲ್ಲ. ಆದರೆ ಕಾದಂಬರಿಯ ಪಕ್ಕದಲ್ಲಿ ಅರಣ್ಯ ಇಲಾಖೆಯ ಕಾರ್ಯಯೋಜನೆ, ಗೇಣಿಪತ್ರ, ಮೇದಾರರ ಮನವಿ, ಕುಸನೂರಿನ ಘೋಷಣೆ ಇವನ್ನೂ ಪಠ್ಯಗಳಾಗಿ ಇಟ್ಟು ಓದಿದರೆ ನಮ್ಮ ಪ್ರಶ್ನೆಗಳು ಬದಲಾಗುತ್ತವೆ. ಕೃತಿಯಲ್ಲಿ ಕಾಡು ಎಷ್ಟು ಚೆನ್ನಾಗಿದೆ ಎಂದು ಕೇಳುವ ಬದಲು, ಅಲ್ಲಿ ಯಾರು ಯಾವ ಕ್ರಿಯಾಪದದ ಕರ್ತೃ ಎಂದು ಕೇಳುತ್ತೇವೆ.

ಮುಂದಿನ ವರ್ಷ ನನ್ನ ಮಹಾಪ್ರಬಂಧ ಅಚ್ಚಿಗೆ ಹೋಗುತ್ತದೆ. ದಪ್ಪ ಹಾಳೆ, ಒಂದೇ ಮಗ್ಗುಲು, ಹಲವು ಪ್ರತಿ. ಅದರ ಕರಡಿನಲ್ಲಿ ‘ಚರ್ಚಿಸಲಾಗಿದೆ’, ‘ವಿಶ್ಲೇಷಿಸಲಾಗಿದೆ’ ಎಂದಿದ್ದ ಕಡೆಯೆಲ್ಲ ಈಗ ಗುರುತು ಹಾಕುತ್ತಾ ಬರುತ್ತಿದ್ದೇನೆ. ಎರಡನೆಯ ಅಧ್ಯಾಯದ ತನಕ ಬಂದಿದ್ದೇನೆ. ಸಣ್ಣ ಕೆಲಸ, ಆದರೆ ಪ್ರತಿ ಗುರುತಿನ ಹತ್ತಿರವೂ ನಿಂತು ಇದನ್ನು ಮಾಡಿದವರು ಯಾರು ಎಂದು ಬರೆಯಬೇಕಾಗುತ್ತದೆ.